‘ಹರಿಹಾಯ್ದರು’ ಅಂದರೆ ನಿಜಕ್ಕೂ ಏನು ಮಾಡಿದರು?

ಪುಣೆ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡವೇ ಮಾತು, ಆದರೆ ಅಕ್ಷರ ಕಲಿತದ್ದು ದೊಡ್ಡವನಾದ ಮೇಲೆ. ಈಗ ದಿನಾ ಕನ್ನಡ ಪತ್ರಿಕೆ ಓದುತ್ತೇನೆ. ಒಂದು ಪದ ಮಾತ್ರ ಬಿಡದೆ ಕಾಡುತ್ತಿದೆ. ‘ಸರ್ಕಾರದ ವಿರುದ್ಧ ಹರಿಹಾಯ್ದ ಪ್ರತಿಪಕ್ಷ’, ‘ಎಂಜಿನಿಯರ್ ಮೇಲೆ ಹರಿಹಾಯ್ದ ಶಾಸಕ’, ಹೀಗೆ ಶೀರ್ಷಿಕೆಗಳು ಬರುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಜಗಳದ ಮಾತಿಗೇನೂ ಬರ ಇಲ್ಲ, ಆದರೆ ಈ ಪದ ಯಾರೂ ಆಡಿದ್ದು ಕೇಳಿಲ್ಲ. ಮರಾಠಿಯಲ್ಲಿ ‘ಅಂಗಾವರ್ ಧಾವೂನ್ ಜಾಣೆ’ ಅಂತಿದೆ. ಹೊಡೆಯುವ ಹಾಗೆ ಮೈಮೇಲೆ ನುಗ್ಗಿ ಹೋಗುವುದು. ‘ಧಾರೇವರ್ ಧರಣೆ’ ಅಂತಲೂ ಇದೆ. ಅದು ಎದುರಿಗೆ ನಿಲ್ಲಿಸಿಕೊಂಡು ಖಡಕ್ಕಾಗಿ ಕೇಳುವುದು. ಹರಿಹಾಯುವುದು ಇವೆರಡರಲ್ಲಿ ಯಾವುದು? ಕೈ ಮಾಡುತ್ತಾರಾ, ಇಲ್ಲಾ ಬರೀ ಬಾಯಾ?

ಜಯನಗರದವನು:
ಬರೀ ಬಾಯಿ. ಬೈಯೋದು ಅಷ್ಟೆ. ಪೇಪರ್‌ನವರಿಗೆ ‘ಬೈದರು’ ಅಂತ ಬರೆಯೋಕೆ ಮುಜುಗರ.

ಹಳೇ ಡೆಸ್ಕ್:
ಅಷ್ಟೇ ಅಂದರೆ ಆಗಲ್ಲ ಸ್ವಾಮಿ. ಬಹಳ ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತವನು ನಾನು. ಸಿಟ್ಟಿನ ಕ್ರಿಯಾಪದ ನಮಗೆ ದಿನನಿತ್ಯದ ಸಾಮಾನು. ಕಿಡಿಕಾರಿದರು, ಗುಡುಗಿದರು, ವಾಗ್ದಾಳಿ ನಡೆಸಿದರು, ಗರಂ ಆದರು, ಬೆವರಿಳಿಸಿದರು, ಚಳಿ ಬಿಡಿಸಿದರು. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ. ಒಳಗೆ ಹಾಗಿರಲಿಲ್ಲ.

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೈಸಿಕೊಂಡವನು ಅಲ್ಲಿ ಇದ್ದನಾ? ಮಂತ್ರಿ ಕೆಡಿಪಿ ಸಭೆಯಲ್ಲಿ, ಅಂದರೆ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆಯಲ್ಲಿ, ತಾಲ್ಲೂಕು ಅಧಿಕಾರಿಯನ್ನು ಎಬ್ಬಿಸಿ ನಿಲ್ಲಿಸಿ ‘ಕುಡಿಯೋ ನೀರಿನ ಕೆಲಸ ಎಲ್ಲಿಗೆ ಬಂತು?’ ಅಂತ ಕೇಳಿದರೆ ಅದು ತರಾಟೆ. ಅಧಿಕಾರಿ ಇಲ್ಲದೆ ತರಾಟೆ ಇಲ್ಲ. ಖಾಲಿ ಕುರ್ಚಿಯನ್ನು ತರಾಟೆಗೆ ತೆಗೆದುಕೊಳ್ಳಲು ಆಗುತ್ತಾ? ಹೈಕೋರ್ಟ್ ಸರ್ಕಾರಿ ವಕೀಲರ ಮುಂದೆ ಸರ್ಕಾರಕ್ಕೆ ಹೇಳಿದರೆ ಛೀಮಾರಿ. ಅದಕ್ಕೆ ಪೀಠ ಬೇಕು. ಪ್ರೆಸ್‌ಕ್ಲಬ್ಬಿನಲ್ಲಿ ಮೈಕಿನ ಮುಂದೆ ಕೂತು ದಿಲ್ಲಿಯಲ್ಲಿ ಇರುವವರನ್ನು ಬೈದರೆ ಹರಿಹಾಯ್ದರು. ಎದುರಿಗೆ ಇರುವುದು ನಾವು ನಾಲ್ಕು ಜನ ವರದಿಗಾರರು ಮತ್ತು ಬಿಸ್ಕತ್ತಿನ ತಟ್ಟೆ.

ಪುಣೆ ಕನ್ನಡಿಗ:
ಸರ್, ಹಾಗಾದರೆ ‘ಎಂಜಿನಿಯರ್ ಮೇಲೆ ಹರಿಹಾಯ್ದ ಶಾಸಕ’? ರಸ್ತೆ ಗುಂಡಿ ಪಕ್ಕದಲ್ಲೇ ಎಂಜಿನಿಯರ್ ಕೈಕಟ್ಟಿ ನಿಂತ ಫೋಟೋ ಇತ್ತು.

ಸೀಮೆಸುಣ್ಣ:
ಕನ್ನಡ ಮೇಷ್ಟ್ರು ಕೆಲಸ ಮಾಡುವವಳು ನಾನು, ಬಾಯಿ ಹಾಕುತ್ತೇನೆ. ನೀವೇ ಕೊಟ್ಟ ಎರಡು ಶೀರ್ಷಿಕೆ ಮತ್ತೊಮ್ಮೆ ನೋಡಿ. ಒಂದರಲ್ಲಿ ‘ವಿರುದ್ಧ’ ಇದೆ, ಇನ್ನೊಂದರಲ್ಲಿ ‘ಮೇಲೆ’ ಇದೆ. ‘ವಿರುದ್ಧ ಹರಿಹಾಯ್ದರು’ ಅಂದಾಗ ಎದುರಾಳಿ ದೂರ ಇರುತ್ತಾನೆ. ಹಲವು ಸಲ ಮನುಷ್ಯನೇ ಅಲ್ಲ, ಸರ್ಕಾರ, ಪಕ್ಷ, ನೀತಿ. ‘ಮೇಲೆ ಹರಿಹಾಯ್ದರು’ ಅಂದರೆ ಬಹುಮಟ್ಟಿಗೆ ಕೈಗೆಟುಕುವಷ್ಟು ಹತ್ತಿರ. ಹಳೇ ಡೆಸ್ಕ್ ಅವರು ಹೇಳಿದ್ದು ಮೊದಲನೆಯದಕ್ಕೆ ಸರಿಯಾಗಿ ಕೂರುತ್ತೆ. ಎರಡನೆಯದರಲ್ಲಿ ಪದದ ಹಳೆಯ ಮೈಬಲ ಇನ್ನೂ ಉಳಿದಿದೆ.

ಹಾವೇರಿ ಹೋರಿ:
ಮೈಬಲ ಅಂದ್ರಲ್ಲ ಮೇಡಂ, ಅಲ್ಲಿಗೇ ಬರ್ರಿ. ನಮ್ಮ ಕಡೆ ‘ಹಾಯು’ ಅಂದರೆ ಕೊಂಬಿನಿಂದ ಇರಿಯೋದು. ‘ಆ ಎತ್ತು ಹಾಯ್ತದ, ಹತ್ರ ಹೋಗಬ್ಯಾಡ’ ಅಂತ ಹುಡುಗರಿಗೆ ಹೇಳ್ತೀವಿ. ದೀಪಾವಳಿ ಆದಮೇಲೆ ಹೋರಿ ಬೆದರಿಸುವ ಹಬ್ಬ ಶುರು ಆಗುತ್ತೆ. ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ, ಹಾರ ಕಿತ್ತುಕೊಳ್ಳಲು ಹುಡುಗರು ಮುಗಿಬೀಳುತ್ತಾರೆ. ಆ ಸಮಯದಲ್ಲಿ ‘ಹೋರಿ ಹಾಯ್ದು ಒಬ್ಬರಿಗೆ ಗಾಯ’ ಅಂತ ಸುದ್ದಿ ಬರುವುದು ಹೊಸದಲ್ಲ. ಅದಕ್ಕೇ ‘ನಾಯಕರು ಹರಿಹಾಯ್ದರು’ ಅಂತ ಓದಿದಾಗ ನನಗೆ ಖಾದಿ ಹಾಕಿಕೊಂಡ ಹೋರಿಯೇ ಕಾಣೋದು. ಓಡಿ ಬಂದು, ತಲೆ ತಗ್ಗಿಸಿ, ಗುಮ್ಮಿದ ಹಾಗೆ.

ಜಯನಗರದವನು:
ಹಾಯು ಅಂದ್ರೆ ದಾಟೋದು ಅಲ್ವಾ? ಹೊಳೆ ಹಾಯೋದು, ‘ಊರು ಹಾದು ಹೋಗುತ್ತೆ’ ಅಂತೀವಲ್ಲ. ಗುಮ್ಮೋದು ಎಲ್ಲಿಂದ ಬಂತು?

ಮಂಡ್ಯ ಬಯಲು:
ಎರಡರ ನಡುವೆ ಇರೋದು ನೆಗೆತ ಕಣಣ್ಣ. ಸಂಕ್ರಾಂತಿ ಸಂಜೆ ನಮ್ಮೂರುಗಳ ಕಡೆ ಬಂದು ನೋಡು. ಎತ್ತು ಹಸುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ದಾರಿಗೆ ಅಡ್ಡವಾಗಿ ಹುಲ್ಲು ಹಾಸಿ ಬೆಂಕಿ ಹಾಕ್ತಾರೆ. ಅದರ ಮೇಲೆ ದನಗಳನ್ನು ನೆಗೆಸುತ್ತಾರೆ. ಅದಕ್ಕೆ ‘ಕಿಚ್ಚು ಹಾಯಿಸೋದು’ ಅಂತಲೇ ಹೆಸರು. ದೇವರ ಹಬ್ಬದಲ್ಲಿ ಜನ ಕೊಂಡ ಹಾಯ್ತಾರೆ. ಗದ್ದೆಗೆ ನೀರು ಹಾಯಿಸೋದೂ ಇದೇ ಪದ. ಒಂದು ಕಡೆಯಿಂದ ಇನ್ನೊಂದು ಕಡೆಗೆ ರಭಸವಾಗಿ ಹೋಗೋದು. ನಡುವೆ ಹೊಳೆ ಇದ್ದರೆ ದಾಟಿದ ಹಾಗೆ, ಮನುಷ್ಯ ಇದ್ದರೆ ಗುಮ್ಮಿದ ಹಾಗೆ.

ಸೀಮೆಸುಣ್ಣ:
ಮಂಡ್ಯದವರು ನನ್ನ ಅರ್ಧ ಪಾಠ ಮುಗಿಸಿಬಿಟ್ಟರು. ಉಳಿದರ್ಧ ಇಷ್ಟು. ಹಳಗನ್ನಡದ ಪಕಾರ ಆಮೇಲೆ ಹಕಾರ ಆಯಿತು ಅಂತ ಶಾಲೆಯಲ್ಲಿ ಓದಿರುತ್ತೀರಿ. ಪುಲಿ ಹುಲಿ ಆಯಿತು, ಪಾಲ್ ಹಾಲು ಆಯಿತು. ಹಾಗೆಯೇ ಪಾಯ್ ಹಾಯ್ ಆಯಿತು, ಪರಿ ಹರಿ ಆಯಿತು. ಪಾಯ್ ಅಂದರೆ ನೆಗೆ, ಮೇಲೆ ಬೀಳು. ಪರಿ ಅಂದರೆ ಓಡು. ಈಗ ‘ಹರಿ’ ಅಂದರೆ ನೀರು ಮಾತ್ರ ನೆನಪಾಗುತ್ತೆ. ಆದರೆ ಹಾವು ಹರಿಯುತ್ತೆ, ಇರುವೆ ಹರಿಯುತ್ತೆ, ಗಾಡಿ ಚಕ್ರ ಹರಿಯುತ್ತೆ. ಓಡಿ ಬಂದು ನೆಗೆದು ಬೀಳುವುದು, ಇದು ಹರಿಹಾಯುವುದರ ಮೂಲ ಚಿತ್ರ. ವಿಷ್ಣುವಿಗೂ ಇದಕ್ಕೂ ಸಂಬಂಧ ಇಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಕೇಳೇ ಕೇಳುತ್ತಾನೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಹೊಸೂರು ರಸ್ತೆ:
ತಮಿಳಿನಲ್ಲಿ ಪಕಾರ ಹಾಗೇ ಉಳಿದುಕೊಂಡಿದೆ ನೋಡಿ. ನಮ್ಮದು ಹೊಸೂರು, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಹುಲಿ ಮೇಲೆ ಬಿದ್ದರೆ ‘ಪುಲಿ ಪಾಯ್ಂದದು’. ತಮಿಳು ಪತ್ರಿಕೆಯವರು ರಾಜಕಾರಣಿ ಬೈದಾಗ ‘ಪಾಯ್ಚ್ಚಲ್’ ಅಂತ ಹಾಕುತ್ತಾರೆ. ಎರಡು ರಾಜ್ಯದ ಪೇಪರ್ ಪಕ್ಕಪಕ್ಕ ಇಟ್ಟು ಓದುವವರಿಗೆ ಇದು ಒಂದೇ ಪದ ಅಂತ ಥಟ್ಟನೆ ಹೊಳೆಯುತ್ತೆ.

ಹಳೇ ಡೆಸ್ಕ್:
ಇನ್ನೊಂದು ವಿಚಿತ್ರ ಹೇಳಲಾ? ಈ ಪದದ ಎರಡೂ ತುಂಡುಗಳು ಅಪಘಾತದ ಸುದ್ದಿಯಲ್ಲಿ ಬೇರೆ ಬೇರೆಯಾಗಿ ಬದುಕಿವೆ. ‘ಲಾರಿ ಹರಿದು ಸಾವು’ ಅಂತ ಒಂದು ಆವೃತ್ತಿಯಲ್ಲಿ ಬರುತ್ತಿತ್ತು, ‘ಲಾರಿ ಹಾಯ್ದು ಸಾವು’ ಅಂತ ಉತ್ತರ ಕರ್ನಾಟಕದ ಆವೃತ್ತಿಯಲ್ಲಿ. ಎರಡನ್ನೂ ಸೇರಿಸಿದರೆ ಮಾತ್ರ ರಾಜಕೀಯದ ಪುಟಕ್ಕೆ ಹೋಗುತ್ತೆ. ಅಲ್ಲಿ ಯಾರೂ ಸಾಯಲ್ಲ, ಮಾರನೇ ದಿನ ಇಬ್ಬರೂ ಒಂದೇ ಮದುವೆಯಲ್ಲಿ ಊಟಕ್ಕೆ ಕೂತಿರುತ್ತಾರೆ.

ಪುಣೆ ಕನ್ನಡಿಗ:
ಅದ್ಭುತ. ಆದರೆ ನನ್ನ ಇನ್ನೊಂದು ಅನುಮಾನ ಹಾಗೇ ಉಳಿಯಿತು. ಜನ ಯಾಕೆ ಇದನ್ನು ಮಾತಿನಲ್ಲಿ ಬಳಸಲ್ಲ?

ಜಯನಗರದವನು:
ಯಾಕಂದ್ರೆ ನಮಗೆ ‘ಆವಾಜ್ ಹಾಕೋದು’ ಇದೆ! ಬೆಂಗಳೂರಿನಲ್ಲಿ ಗಾಡಿ ಗಾಡಿಗೆ ಸ್ವಲ್ಪ ತಗುಲಿದರೆ ಮೊದಲು ಬರೋ ಮಾತು ‘ಏನೋ, ಯಾರಿಗೆ ಆವಾಜ್ ಹಾಕ್ತಿದ್ದೀಯ?’ ಅದರಲ್ಲಿ ಎಲ್ಲಾ ಬಂತು. ದನಿ ಏರಿಸೋದು, ಎದೆ ಉಬ್ಬಿಸೋದು, ‘ನಾನು ಯಾರು ಗೊತ್ತಾ’ ಅನ್ನೋದು. ಹೊಡೆಯೋದು ಮಾತ್ರ ಇನ್ನೂ ಬಂದಿರಲ್ಲ. ಹೊಡೆದುಬಿಟ್ಟರೆ ಅದಕ್ಕೆ ಆವಾಜ್ ಅನ್ನಲ್ಲ.

ಕಲಬುರಗಿ ತೊಗರಿ:
ನಮ್ಮ ಕಡಿ ಅವಾಜ ಅಂದ್ರ ಬರೀ ಸಪ್ಪಳ. ‘ಟಿವಿ ಅವಾಜ ಕಡಿಮಿ ಮಾಡು’, ‘ಹೊರಗ ಏನೋ ಅವಾಜ ಬಂತು ನೋಡು’. ಪಾರಸಿಯಿಂದ ಉರ್ದುವಿಗೆ ಬಂದು ನಮಗೆ ಸಿಕ್ಕ ಪದ, ಅಲ್ಲಿಯ ಅರ್ಥವೇ ಇಲ್ಲೂ ಉಳಿದಿದೆ. ಬೆಂಗಳೂರಿಗೆ ಮೊದಲ ಸಲ ಕೆಲಸಕ್ಕೆ ಬಂದಾಗ ರೂಮಿನ ಹುಡುಗನಿಗೆ ‘ಬಂದ ಕೂಡ್ಲೇ ಕೆಳಗಿಂದ ಒಂದು ಅವಾಜ ಹಾಕು’ ಅಂದಿದ್ದೆ. ಅವನು ನನ್ನ ಮುಖವನ್ನೇ ನೋಡಿದ. ಕರಿ ಅಂತ ನಾನು ಹೇಳಿದ್ದು, ಜಗಳಕ್ಕೆ ಬಾ ಅಂತ ಅವನು ತಿಳಿದದ್ದು. ಬೆದರಿಸೋದಕ್ಕೆ ನಮ್ಮಲ್ಲಿ ದಬಾಯಿಸೋದು, ಧಮಕಿ ಹಾಕೋದು. ಎದುರಿಗೆ ನುಗ್ಗಿ ಬಂದರೆ ‘ಮೈಮ್ಯಾಲ ಏರಿ ಬಂದ’.

ಕಡಲ ಕಿನಾರೆ:
ನಮ್ಮ ಉಡುಪಿ ಕಡೆಯ ‘ಜೋರು ಮಾಡುವುದು’ ಕೂಡ ಇದೇ ಗಲಾಟೆ ಮಾಡುತ್ತದೆ. ‘ಅಮ್ಮ ಜೋರು ಮಾಡಿದರು’ ಅಂದರೆ ಗದರಿದರು ಅಷ್ಟೆ, ಅದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನವರು ‘ಅವನು ಜೋರು ಮಾಡ್ತಾನೆ’ ಅಂದರೆ ದೌಲತ್ತು ತೋರಿಸುತ್ತಾನೆ ಅಂತ. ಆಫೀಸಿನಲ್ಲಿ ‘ಬಾಸ್ ನನಗೆ ಜೋರು ಮಾಡಿದರು ಮಾರಾಯ್ರೆ’ ಅಂತ ಸುಮ್ನೆ ಹೇಳಿದ್ದಕ್ಕೆ ಪಕ್ಕದವರು ಎಚ್ಆರ್‌ಗೆ ದೂರು ಕೊಡಿ ಅಂತ ಸಲಹೆ ಕೊಟ್ಟರು.

ಮಂಡ್ಯ ಬಯಲು:
ಗುರಾಯಿಸೋದು ಬಿಟ್ಟುಬಿಟ್ರಲ್ಲ! ಅದಲ್ವಾ ಎಲ್ಲಾ ಹೊಡೆದಾಟಗಳ ತಾಯಿ? ‘ಏನ್ಲಾ ಗುರಾಯಿಸ್ತೀಯ?’ ಅಂದಮೇಲೆ ಮಾತು ಮುಗೀತು.

ಸೀಮೆಸುಣ್ಣ:
ಗುರಾಯಿಸು ತಮಾಷೆಯ ಪದ. ಹಿಂದಿಯಲ್ಲಿ ‘ಗುರ್ರಾನಾ’ ಅಂದರೆ ನಾಯಿ, ಹುಲಿ ಗುರ್ ಅನ್ನುವುದು. ‘ಘೂರ್ನಾ’ ಅಂದರೆ ದುರುಗುಟ್ಟಿ ನೋಡುವುದು. ನಮ್ಮ ಪದಕ್ಕೆ ಸದ್ದು ಮೊದಲನೆಯದರದ್ದು, ಅರ್ಥ ಎರಡನೆಯದರದ್ದು. ಇನ್ನು ‘ಆಯಿಸು’ ಬಾಲ ನೋಡಿ: ಚಲಾಯಿಸು, ಜಮಾಯಿಸು, ಬದಲಾಯಿಸು, ದಬಾಯಿಸು, ಗುರಾಯಿಸು. ಹೊರಗಿನ ಪದ ಯಾವುದೇ ಬರಲಿ, ಈ ಬಾಲ ಅಂಟಿಸಿದರೆ ಕನ್ನಡದಲ್ಲಿ ಆರಾಮಾಗಿ ಓಡಾಡಿಕೊಂಡು ಇರುತ್ತೆ.

ಟೈಪಿಂಗ್ ಬೂತ್:
ಕೋರ್ಟ್ ಎದುರು ಅರ್ಜಿ, ದೂರು ಟೈಪ್ ಮಾಡಿಕೊಡುವ ಕೆಲಸ ನನ್ನದು. ನೀವು ಇಲ್ಲಿ ಬರೆದ ಯಾವ ಪದವೂ ನನಗೆ ನೇರವಾಗಿ ಕೆಲಸಕ್ಕೆ ಬರಲ್ಲ. ಬಂದವರು ‘ಆವಾಜ್ ಹಾಕ್ದ ಸಾರ್, ಅದನ್ನ ಹಾಕಿ’ ಅಂತಾರೆ. ಅದನ್ನ ಹಾಗೇ ಹಾಕಿದರೆ ಪೊಲೀಸರು ಏನು ಮಾಡಬೇಕು? ನಾನು ತಿರುಗಿ ಕೇಳುತ್ತೇನೆ: ದಾರಿ ಅಡ್ಡ ಹಾಕಿದನಾ? ಏನೆಂದು ಬೈದ? ಕೊಲ್ಲುತ್ತೇನೆ ಅಂದನಾ, ಕೈಕಾಲು ಮುರೀತೀನಿ ಅಂದನಾ?

ಉತ್ತರ ಬಂದಮೇಲೆ ಆಗುವ ಸಾಲು ಇದು: ‘ನನ್ನನ್ನು ಅಡ್ಡಗಟ್ಟಿ ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಪ್ರಾಣ ಬೆದರಿಕೆ ಹಾಕಿರುತ್ತಾರೆ.’ ಓದುವವರಿಗೆ ಅಚ್ಚು ಹೊಡೆದ ಹಾಗೆ ಕಾಣುತ್ತೆ, ಆದರೆ ಮೂರೂ ತುಂಡಿಗೆ ಲೆಕ್ಕ ಇದೆ. ಅಡ್ಡಗಟ್ಟಿದ್ದಕ್ಕೆ ಹಿಂದೆ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 341, ಬೈದು ಕೆಣಕಿದ್ದಕ್ಕೆ 504, ಬೆದರಿಕೆಗೆ 506. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ 126(2), 352, 351(2). ಬರೀ ಗುರಾಯಿಸಿದ ಅಂತ ಬಂದವರಿಗೆ ಟೀ ಕುಡಿಸಿ ಕಳಿಸುತ್ತೇನೆ.

ಜಯನಗರದವನು:
ಅಂದ್ರೆ ಆವಾಜ್ ಅನ್ನೋದು ಮೂರು ಸೆಕ್ಷನ್ ಒಟ್ಟಿಗೆ!

ಟೈಪಿಂಗ್ ಬೂತ್:
ಕೆಲವು ಸಲ ಮೂರು, ಕೆಲವು ಸಲ ಸೊನ್ನೆ. ಅದೇ ಅದರ ತೊಂದರೆ. ಕೇಳಿಸಿಕೊಂಡವನಿಗೆ ನಡುಕ ಬಂದಿರುತ್ತೆ, ಆದರೆ ಏನೆಂದ ಅಂತ ಕೇಳಿದರೆ ‘ನೋಡ್ಕೋತೀನಿ’ ಅಂದ ಸಾರ್ ಅಂತಾರೆ. ‘ನೋಡ್ಕೋತೀನಿ’ ಅಂದರೆ ಆರೈಕೆ ಮಾಡ್ತೀನಿ ಅಂತಲೂ ಆಗುತ್ತಲ್ಲ.

ಸೀಮೆಸುಣ್ಣ:
ಇದು ನನಗೆ ಇನ್ನೊಂದು ಸಂಗತಿ ಹೊಳೆಸಿತು. ಬೈಸಿಕೊಂಡವನು ವಾಕ್ಯದಲ್ಲಿ ಯಾವ ವಿಭಕ್ತಿಯಲ್ಲಿ ನಿಲ್ಲುತ್ತಾನೆ ಅಂತ ನೋಡಿ. ಅವನನ್ನು ಗದರಿಸಿದರು, ಅವನನ್ನು ದಬಾಯಿಸಿದರು, ಅವನನ್ನು ತರಾಟೆಗೆ ತೆಗೆದುಕೊಂಡರು. ಇಲ್ಲೆಲ್ಲಾ ‘ಅನ್ನು’. ಅವನು ಪೂರ್ತಿ ಇವರ ಕೈಯಲ್ಲಿ ಸಿಕ್ಕಿಕೊಂಡಿದ್ದಾನೆ, ತಿರುಗಿ ಮಾತಾಡುವ ಸ್ಥಿತಿಯಲ್ಲಿಲ್ಲ. ಅದಕ್ಕೇ ‘ಮಗು ಅಪ್ಪನನ್ನು ಗದರಿಸಿತು’ ಅಂದರೆ ನಗು ಬರುತ್ತೆ. ಅವನಿಗೆ ಆವಾಜ್ ಹಾಕಿದ, ಅವನಿಗೆ ಧಮಕಿ ಹಾಕಿದ, ಅವನಿಗೆ ಸೆಡ್ಡು ಹೊಡೆದ. ಇಲ್ಲಿ ‘ಗೆ’. ಮಾತು ಅವನನ್ನು ತಲುಪಿತು, ಇನ್ನು ಅವನ ಸರದಿ. ಅವನ ಮೇಲೆ ರೇಗಿದ, ಎಗರಿದ, ಏರಿ ಹೋದ, ಹರಿಹಾಯ್ದ. ಇವಕ್ಕೆಲ್ಲಾ ‘ಮೇಲೆ’ ಬೇಕು, ಯಾಕಂದರೆ ಒಂದಾನೊಂದು ಕಾಲಕ್ಕೆ ಇವು ಮೈಯ ಚಲನೆಗಳು.

ನಿಯಮ ಅಂತ ಹೇಳುತ್ತಿಲ್ಲ. ಹೈಕೋರ್ಟಿನ ಛೀಮಾರಿ ‘ಗೆ’ ಗುಂಪಿನಲ್ಲೇ ಇದೆ, ಅಲ್ಲಿ ತಿರುಗಿ ಮಾತಾಡಿದರೆ ಕಷ್ಟ.

ಹಾವೇರಿ ಹೋರಿ:
ಸೆಡ್ಡು ಅಂದ್ರಲ್ಲ, ಅದು ಗರಡಿಮನೆಯ ಮಾತು. ಕುಸ್ತಿಗೆ ಇಳಿಯೋ ಪೈಲ್ವಾನ ತೋಳು ತಟ್ಟಿ ಸದ್ದು ಮಾಡೋದು ಸೆಡ್ಡು. ತೊಡೆ ತಟ್ಟೋದೂ ಅಲ್ಲಿಂದಲೇ ಬಂದದ್ದು. ಈಗ ಟಿಕೆಟ್ ಸಿಗದವರೆಲ್ಲಾ ಹೈಕಮಾಂಡ್‌ಗೆ ಸೆಡ್ಡು ಹೊಡೀತಾರೆ. ಆದರೆ ಗರಡಿಯಲ್ಲಿ ಒಂದು ಮರ್ಯಾದೆ ಇತ್ತು: ಸೆಡ್ಡು ಹೊಡೆದವನು ಅಖಾಡಕ್ಕೆ ಇಳಿಯಲೇಬೇಕು. ರಾಜಕೀಯದಲ್ಲಿ ಸಂಜೆಗೆ ಸಂಧಾನ.

ಮಂಡ್ಯ ಬಯಲು:
ನಾವು ಆಟ ಕಟ್ಟಿಸಿದಾಗ ಭೀಮನ ಪಾತ್ರಕ್ಕೆ ಚಪ್ಪಾಳೆ ಬೀಳೋದು ಗದೆ ಎತ್ತಿದಾಗಲ್ಲ. ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಕೂಗಿ ಕೂಗಿ ಹೊರಗೆ ಕರೀತಾನಲ್ಲ, ಆಗ. ಅದಕ್ಕೆ ಹಿಂದಿನವರು ‘ಮೂದಲಿಸೋದು’ ಅಂತಿದ್ರು. ಈಗ ಮೂದಲಿಸೋದು ಅಂದ್ರೆ ಬರೀ ಹಂಗಿಸೋದು. ಯುದ್ಧಕ್ಕೆ ಕರೆಯೋದು ಅಂತ ಯಾರಿಗೂ ಗೊತ್ತಿಲ್ಲ.

ಹಳೇ ಡೆಸ್ಕ್:
ಪುಣೆಯವರ ಪ್ರಶ್ನೆಗೆ ಬರೋಣ, ಜನ ಯಾಕೆ ಮಾತಿನಲ್ಲಿ ಬಳಸಲ್ಲ ಅಂತ. ಡೆಸ್ಕಿಗೆ ಸೇರುವ ಹೊಸ ಹುಡುಗರಿಗೆ ನಾನು ಒಂದು ಪರೀಕ್ಷೆ ಕೊಡುತ್ತಿದ್ದೆ. ಕ್ರಿಯಾಪದದ ಮುಂದೆ ‘ನಾನು’ ಹಾಕಿ ನೋಡು. ‘ನಾನು ಅವನನ್ನ ಸರಿಯಾಗಿ ತರಾಟೆಗೆ ತಗೊಂಡೆ.’ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ‘ನಾನೂ ಒಂದು ಆವಾಜ್ ಹಾಕ್ದೆ ನೋಡು.’ ವಯಸ್ಸಿನ ಹುಡುಗರು ಎದೆ ಉಬ್ಬಿಸಿ ಹೇಳುತ್ತಾರೆ. ‘ನಾನು ಎಗರಾಡಿದೆ’, ‘ನಾನು ಕೂಗಾಡಿದೆ’ ಅಂತ ಮಾತ್ರ ಸಿಟ್ಟು ಇಳಿದ ಮೇಲೆ, ಅದೂ ನಾಚಿಕೊಂಡು. ‘ನಾನು ಹರಿಹಾಯ್ದೆ’ ಅಂತ ಯಾರ ಬಾಯಲ್ಲೂ ಬರಲ್ಲ. ಅದು ಮಾಡಿದವನ ಪದವೂ ಅಲ್ಲ, ಮಾಡಿಸಿಕೊಂಡವನ ಪದವೂ ಅಲ್ಲ. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತವನ ಪದ. ಮನೆಯಲ್ಲಿ ಅಂಥವನೊಬ್ಬ ಇರಲ್ಲವಲ್ಲ.

ಸೀಮೆಸುಣ್ಣ:
ಸೊಗಸಾಗಿ ಹೇಳಿದಿರಿ. ಎಗರಾಡು ವಿಷಯಕ್ಕೆ ಒಂದು ಸೇರಿಸುತ್ತೇನೆ. ಎಗರು, ಹಾರು ಕೂಡ ನೆಗೆತವೇ. ‘ಆಡು’ ಸೇರಿದ ಕೂಡಲೇ ಅದರಲ್ಲಿ ತಿರಸ್ಕಾರ ಬರುತ್ತೆ. ಜಾಸ್ತಿ ಹಾರಾಡಬೇಡ, ಸುಮ್ನೆ ಎಗರಾಡಬೇಡ, ಯಾಕೆ ರೇಗಾಡ್ತೀಯ. ಸಿಟ್ಟು ಬಂದವನ ಸಿಟ್ಟಿಗೆ ಅರ್ಧ ಗೌರವವನ್ನೂ ಕೊಡದೆ ಅದನ್ನು ಮಕ್ಕಳಾಟ ಮಾಡಿಬಿಡುವ ಪದ. ಮುಖ್ಯಮಂತ್ರಿ ಬಗ್ಗೆ ‘ರೇಗಾಡಿದರು’ ಅಂತ ಬರೆದ ಪತ್ರಿಕೆ ಯಾವ ಕಡೆಗಿದೆ ಅಂತ ಬೇರೆ ಹೇಳಬೇಕಿಲ್ಲ.

ಹೊಸೂರು ರಸ್ತೆ:
ತೆಲುಗಿನಲ್ಲಿ ‘ವಿರುಚುಕುಪಡ್ಡಾರು’, ‘ಮಂಡಿಪಡ್ಡಾರು’ ಅಂತ ಹಾಕುತ್ತಾರೆ. ಒಂದರಲ್ಲಿ ಮೇಲೆ ಮುರಿದು ಬೀಳುವುದು, ಇನ್ನೊಂದರಲ್ಲಿ ಉರಿದು ಬೀಳುವುದು. ದಕ್ಷಿಣದ ರಾಜಕಾರಣಿಗಳು ಎಲ್ಲೇ ಇದ್ದರೂ ಬೀಳುತ್ತಲೇ ಇರುತ್ತಾರೆ.

ಪುಣೆ ಕನ್ನಡಿಗ:
ಸರಿ, ಈಗ ನನ್ನ ಪರೀಕ್ಷೆ. ನಮ್ಮ ಹೌಸಿಂಗ್ ಸೊಸೈಟಿ ಸಭೆಯಲ್ಲಿ ಟ್ಯಾಂಕರ್ ನೀರಿನ ಖರ್ಚಿನ ಲೆಕ್ಕ ಕೇಳಿದೆ. ಸೆಕ್ರೆಟರಿ ಉತ್ತರ ಕೊಡಲಿಲ್ಲ. ನಾನು ದನಿ ಏರಿಸಿದೆ. ಹಾಗಾದರೆ ‘ನಾನು ಸೆಕ್ರೆಟರಿಯನ್ನು ತರಾಟೆಗೆ ತೆಗೆದುಕೊಂಡೆ’ ಸರಿಯಾ?

ಹಳೇ ಡೆಸ್ಕ್:
ಆಮೇಲೆ ಅವರು ಏನು ಮಾಡಿದರು ಅನ್ನುವುದರ ಮೇಲೆ ನಿಂತಿದೆ. ತಲೆ ತಗ್ಗಿಸಿ ರಸೀದಿ ಹುಡುಕಿದರಾ?

ಪುಣೆ ಕನ್ನಡಿಗ:
ಇಲ್ಲ. ‘ನೀವು ಮೊದಲು ನಿಮ್ಮ ಬಾಕಿ ಮೆಂಟೆನೆನ್ಸ್ ಕಟ್ಟಿ’ ಅಂತ ನನಗಿಂತ ಜೋರಾಗಿ ಕೂಗಿದರು.

ಜಯನಗರದವನು:
ಹಾಗಾದ್ರೆ ಅವರು ನಿಮಗೆ ಆವಾಜ್ ಹಾಕಿದ್ದು.

ಕಲಬುರಗಿ ತೊಗರಿ:
ನಮ್ಮಲ್ಲಾದರ ದಬಾಯಿಸಿ ಕೂಡಿಸಿದ್ರು ಅಂತೀವ್ರಿ.

ಟೈಪಿಂಗ್ ಬೂತ್:
ಬಾಕಿ ಇದೆಯಾ?

ಪುಣೆ ಕನ್ನಡಿಗ:
ಎರಡು ತಿಂಗಳದ್ದು ಇದೆ.

ಹಳೇ ಡೆಸ್ಕ್:
ಹಾಗಾದರೆ ‘ಮಾತಿನ ಚಕಮಕಿ ನಡೆಯಿತು’ ಅಂತ ಬರೆಯಿರಿ. ಎರಡೂ ಕಡೆ ತಪ್ಪಿದ್ದಾಗ ನಾವು ಅದನ್ನೇ ಹಾಕುತ್ತಿದ್ದದ್ದು. ಇನ್ನೊಂದು, ನಿಮ್ಮ ಪತ್ರಿಕೆಗಳಲ್ಲಿ ‘ಹರಿಹಾಯಿದರು’, ‘ಹರಿಹಾಯಿಸಿದರು’ ಅಂತ ಕಂಡರೆ ಅದನ್ನು ಕಲಿಯಬೇಡಿ. ಮೇಯಿ ಮೇಯ್ದ, ಕೊಯ್ಯಿ ಕೊಯ್ದ, ಹಾಗೇ ಹಾಯಿ ಹಾಯ್ದ. ಹಾಯಿಸಿದರೆ ಅದು ಗದ್ದೆಗೆ ನೀರು.